ಈ ಬಳಕೆದಾರ ಈ ಕೆಲಸ ಮಾಡಬಹುದೇ? ಅನುಮತಿ ಎಪಿಐ ಕುರಿತ ಪ್ರಶ್ನೋತ್ತರ

ವೆಬ್ ಸೇವೆಗಳಲ್ಲಿ ಬಳಕೆದಾರರ ಅನುಮತಿಯನ್ನು ಎಪಿಐ (ಒಂದು ಪ್ರೋಗ್ರಾಂ ಇನ್ನೊಂದನ್ನು ಕೇಳುವ ದಾರಿ) ಮೂಲಕ ಪರಿಶೀಲಿಸುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಬಳಕೆದಾರರು ಲಾಗಿನ್ ಆದಾಗ ಅವರ ರೋಲ್ (ಹುದ್ದೆ) ಅನ್ನು ಜೆಡಬ್ಲ್ಯುಟಿ ಎಂಬ ಸಹಿ ಹಾಕಿದ ಟೋಕನ್ (ಡಿಜಿಟಲ್ ಗುರುತುಚೀಟಿ) ಒಳಗೇ ಬರೆದು ಕೊಡುತ್ತೇವೆ. ಪ್ರತಿ ರಿಕ್ವೆಸ್ಟ್‌ನಲ್ಲೂ ಟೋಕನ್ನಿನ ಸಹಿ ಪರೀಕ್ಷಿಸುತ್ತೇವೆ. ಇಷ್ಟಿದ್ದ ಮೇಲೆ ಪ್ರತ್ಯೇಕ ಅನುಮತಿ ಎಪಿಐ ಯಾಕೆ ಬೇಕು?

ಉತ್ತರ: ಸಹಿ ಸರಿಯಿದೆ ಎಂದರೆ ಟೋಕನ್ ನೀವೇ ಕೊಟ್ಟದ್ದು, ನಡುವೆ ಯಾರೂ ತಿದ್ದಿಲ್ಲ ಎಂದಷ್ಟೇ ಖಾತ್ರಿ. ಬಂದವರು ಯಾರು ಎಂದು ತಿಳಿಯಲು ಅದು ಸಾಕು. ಅವರು ಕೇಳುತ್ತಿರುವ ಕೆಲಸವನ್ನು ಆ ಒಂದು ದಾಖಲೆಯ ಮೇಲೆ ಈ ಹೊತ್ತಿನಲ್ಲಿ ಮಾಡಬಹುದೇ ಎಂದು ತಿಳಿಯಲು ಸಾಲದು.

ಬಿಲ್ ತೋರಿಸುವ ಒಂದು ಸೇವೆಯನ್ನು ತೆಗೆದುಕೊಳ್ಳಿ. ಟೋಕನ್‌ನಲ್ಲಿ 'ಅಕೌಂಟೆಂಟ್' ಎಂದಿದೆ, ಎಪಿಐ ಅಷ್ಟನ್ನೇ ನೋಡಿ 1041ನೇ ಬಿಲ್ ಕೊಡುತ್ತದೆ. ವಿಳಾಸದಲ್ಲಿ 1041 ಅಳಿಸಿ 1042 ಎಂದು ಬರೆದರೆ ಬೇರೊಂದು ಕಂಪನಿಯ ಬಿಲ್ ಕೂಡ ಬಂದುಬಿಡುತ್ತದೆ. ರೋಲ್ ಸರಿಯಾಗಿಯೇ ಇತ್ತು. ಬಿಲ್ ಯಾರದ್ದು ಎಂದು ಮಾತ್ರ ಎಲ್ಲೂ ಕೇಳಿರಲಿಲ್ಲ. ವೆಬ್ ಭದ್ರತೆಯ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ ಎಪಿಐಗಳಿಗಾಗಿಯೇ ಮಾಡಿದ ಅಪಾಯಗಳ ಪಟ್ಟಿಯಲ್ಲಿ 2019ರಲ್ಲೂ 2023ರಲ್ಲೂ ಮೊದಲ ಸ್ಥಾನ ಇದೇ ದೋಷದ್ದು. ಎಲ್ಲ ವೆಬ್ ಅಪ್ಲಿಕೇಶನ್‌ಗಳ ಪಟ್ಟಿಯಲ್ಲೂ ಪ್ರವೇಶ ನಿಯಂತ್ರಣದ ವೈಫಲ್ಯ 2017ರಲ್ಲಿ ಐದನೆಯದಾಗಿತ್ತು, 2021ರಲ್ಲಿ ಮೊದಲನೆಯದಾಯಿತು. ಕ್ರಮಸಂಖ್ಯೆಯ ಬದಲು ಊಹಿಸಲಾಗದ ಉದ್ದನೆಯ ಐಡಿ ಇಟ್ಟರೆ ಕಳ್ಳಗಣ್ಣಿಗೆ ಸುಲಭವಾಗಿ ಸಿಗುವುದಿಲ್ಲ, ನಿಜ. ಆದರೆ ಐಡಿ ಇಮೇಲ್‌ನಲ್ಲಿ, ಲಾಗ್‌ನಲ್ಲಿ, ಹಂಚಿಕೊಂಡ ಲಿಂಕ್‌ನಲ್ಲಿ ಹೊರಬೀಳುತ್ತಲೇ ಇರುತ್ತದೆ. ಅದನ್ನು ಅನುಮತಿಯ ಜಾಗದಲ್ಲಿ ಇಡಬೇಡಿ.

ಇನ್ನೊಂದು ತೊಂದರೆ ಕಾಲದ್ದು. ಟೋಕನ್‌ನಲ್ಲಿ ಬರೆದ ರೋಲ್ ಅದರ ಅವಧಿ ಮುಗಿಯುವವರೆಗೂ ಹಾಗೇ ಉಳಿಯುತ್ತದೆ. ಬೆಳಿಗ್ಗೆ ಎಂಟು ತಾಸು ಅವಧಿಯ ಟೋಕನ್ ಪಡೆದವರನ್ನು ಒಂಬತ್ತಕ್ಕೆ ಆ ಹುದ್ದೆಯಿಂದ ತೆಗೆದರೂ ಸಂಜೆಯವರೆಗೆ ಅವರ ಹಕ್ಕು ನಡೆಯುತ್ತದೆ.

ಹಾಗಾಗಿ ಟೋಕನ್‌ನಲ್ಲಿ ಗುರುತನ್ನೂ ಯಾವ ಸಂಸ್ಥೆಗೆ ಸೇರಿದವರು ಎಂಬುದನ್ನೂ ಮಾತ್ರ ಇಡಿ. ಉಳಿದದ್ದನ್ನು ಕೆಲಸದ ಹೊತ್ತಿನಲ್ಲಿ ಕೇಳಿ. ಕೇಳುವಾಗ ನಾಲ್ಕು ಸಂಗತಿ ಬೇಕು: ಯಾರು, ಏನು ಮಾಡಲು, ಯಾವುದರ ಮೇಲೆ, ಯಾವ ಸಂದರ್ಭದಲ್ಲಿ. ಮೂರನೆಯದನ್ನು ಬಿಟ್ಟ ಎಪಿಐಗಳೇ ಹೆಚ್ಚು.

ಕೇಳುವ ಜಾಗವೂ ಮುಖ್ಯ. ರೂಟರ್ (ವಿಳಾಸ ನೋಡಿ ರಿಕ್ವೆಸ್ಟನ್ನು ಸರಿಯಾದ ಕೋಡ್‌ಗೆ ಕಳಿಸುವ ಭಾಗ) ಮಟ್ಟದ ಮಿಡಲ್‌ವೇರ್‌ಗೆ ವಿಳಾಸ ಮಾತ್ರ ಗೊತ್ತಿರುತ್ತದೆ, ಬಿಲ್ಲಿನ ಮಾಲೀಕರು ಗೊತ್ತಿರುವುದಿಲ್ಲ. ದಾಖಲೆಯನ್ನು ಡೇಟಾಬೇಸಿನಿಂದ ತಂದ ಮೇಲೆ, ಆದರೆ ಅದರಲ್ಲಿ ಏನನ್ನಾದರೂ ಬದಲಿಸುವ ಮುನ್ನ, ಇಮೇಲ್ ಕಳಿಸುವ ಮುನ್ನ ಪರಿಶೀಲನೆ ನಡೆಯಬೇಕು. ಎಲ್ಲ ಮುಗಿಸಿ ಕೊನೆಗೆ ಉತ್ತರ ಕಳಿಸುವಾಗ ಅನುಮತಿ ನೋಡುವ ಕೋಡ್, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಪ್ರಶ್ನೆ: ನಮ್ಮ ಅನುಮತಿ ಎಪಿಐ, ಬಳಕೆದಾರರಿಗೆ ಹಕ್ಕು ಇದ್ದರೆ 200 (ಸರಿ), ಇಲ್ಲದಿದ್ದರೆ 403 (ನಿರಾಕರಣೆ) ಎಂಬ ಸ್ಟೇಟಸ್ ಕೋಡ್‌ನಿಂದ ಉತ್ತರಿಸುತ್ತದೆ. ಇದರಲ್ಲಿ ತಪ್ಪಿದೆಯೇ?

ಉತ್ತರ: ಇದೆ. ಅನುಮತಿ ಎಪಿಐ ಕೊಡುವ ಸ್ಟೇಟಸ್ ಕೋಡ್ ಅದನ್ನು ಕರೆದವರ ಕುರಿತದ್ದು. ನಿರ್ಧಾರ ಉತ್ತರದ ಒಡಲಲ್ಲಿ ಇರಬೇಕು. ಈ ಎರಡನ್ನು ಬೆರೆಸಿದರೆ, ಬಂದ 403 ಯಾವುದಕ್ಕೆ ಎಂದು ತಿಳಿಯುವುದಿಲ್ಲ. ಬಳಕೆದಾರರಿಗೆ ಹಕ್ಕಿಲ್ಲವೋ, ಅಥವಾ ಪ್ರಶ್ನೆ ಕೇಳಿದ ನಿಮ್ಮ ಸರ್ವಿಸ್‌ಗೇ ಆ ಎಪಿಐ ಬಳಸುವ ಹಕ್ಕಿಲ್ಲವೋ? ಎರಡನೆಯದು ಸಂರಚನೆಯ ದೋಷ, ಅದು ಎಲ್ಲರನ್ನೂ ಒಟ್ಟಿಗೆ ಹೊರಗಿಡುತ್ತದೆ, ಲಾಗ್‌ನಲ್ಲಿ ಮಾತ್ರ ಮಾಮೂಲಿ ನಿರಾಕರಣೆಯಂತೆ ಕಾಣುತ್ತದೆ.

ಓಪನ್‌ಐಡಿ ಫೌಂಡೇಶನ್‌ನ ಆಥ್‌ಝೆನ್ ಗುಂಪು ರೂಪಿಸಿದ ಆಥರೈಸೇಶನ್ ಎಪಿಐ ಈ ವಿಷಯದಲ್ಲಿ ಒಳ್ಳೆಯ ಮಾದರಿ. ಅದರಲ್ಲಿ ಪೋಸ್ಟ್ ವಿಧಾನದಿಂದ ಸಬ್ಜೆಕ್ಟ್, ಆಕ್ಷನ್, ರಿಸೋರ್ಸ್, ಕಾಂಟೆಕ್ಸ್ಟ್ ಎಂಬ ನಾಲ್ಕು ಭಾಗ ಕಳಿಸುತ್ತೀರಿ. ಉತ್ತರದಲ್ಲಿ ಡಿಸಿಷನ್ ಎಂಬ ಒಂದು ಬೂಲಿಯನ್ (ಟ್ರೂ ಅಥವಾ ಫಾಲ್ಸ್ ಎಂಬ ಮೌಲ್ಯ) ಬರುತ್ತದೆ. ನಿರಾಕರಣೆಯಾದರೂ ಸ್ಟೇಟಸ್ 200. ಕಳಿಸಿದ ಮಾಹಿತಿ ಅಪೂರ್ಣವಾಗಿದ್ದರೆ 400, ಕರೆದ ಸರ್ವಿಸ್ ತನ್ನ ಗುರುತು ತೋರಿಸದಿದ್ದರೆ 401. ಟೋಕನ್ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಕೇಳುವ ಟೋಕನ್ ಇಂಟ್ರೊಸ್ಪೆಕ್ಷನ್ ಮಾನದಂಡ ಕೂಡ (2015ರ ಆರ್‌ಎಫ್‌ಸಿ 7662) ಇದೇ ದಾರಿ ಹಿಡಿದಿದೆ. ಅವಧಿ ಮುಗಿದ ಟೋಕನ್ ಬಗ್ಗೆ ಕೇಳಿದರೆ ದೋಷದ ಕೋಡ್ ಬರುವುದಿಲ್ಲ. 'ಆ್ಯಕ್ಟಿವ್: ಫಾಲ್ಸ್' ಎಂಬ ಸರಳ ಉತ್ತರ ಬರುತ್ತದೆ.

ಪೋಸ್ಟ್ ಯಾಕೆಂದರೆ, ಗೆಟ್ ಬಳಸಿದರೆ ಯಾರು ಯಾವ ದಾಖಲೆ ಕೇಳಿದರು ಎಂಬುದೆಲ್ಲ ವಿಳಾಸದಲ್ಲೇ ಬಂದು ಪ್ರಾಕ್ಸಿ ಲಾಗ್‌ಗಳಲ್ಲಿ ಉಳಿಯುತ್ತದೆ. ಮಧ್ಯದ ಕ್ಯಾಶ್‌ಗಳು (ಉತ್ತರವನ್ನು ತಾತ್ಕಾಲಿಕವಾಗಿ ಉಳಿಸಿಡುವ ಜಾಗಗಳು) ಹಳೆಯ ಉತ್ತರವನ್ನು ಹಿಡಿದಿಟ್ಟುಕೊಳ್ಳುವ ಸಂಭವವೂ ಇದೆ.

ಎಚ್ಚರಿಕೆ ಬೇಕಾದ ಇನ್ನೊಂದು ಜಾಗ ಸಬ್ಜೆಕ್ಟ್. ಬ್ರೌಸರ್ ಕಳಿಸಿದ ಬಳಕೆದಾರ ಐಡಿಯನ್ನು ಹಾಗೇ ಅನುಮತಿ ಎಪಿಐಗೆ ದಾಟಿಸಬೇಡಿ. ಪರೀಕ್ಷಿಸಿದ ಟೋಕನ್‌ನಿಂದ ನಿಮ್ಮ ಸರ್ವರ್ರೇ ಅದನ್ನು ತೆಗೆದು ತುಂಬಬೇಕು. 'ನಾನು ಮಾಡಬಹುದೇ' ಎಂಬ ಪ್ರಶ್ನೆಯನ್ನೂ 'ಇಂಥವರು ಮಾಡಬಹುದೇ' ಎಂಬ ಪ್ರಶ್ನೆಯನ್ನೂ ಬೇರೆ ಬೇರೆ ಇಡುವುದು ಒಳ್ಳೆಯದು. ಸರ್ವರ್‌ಗಳ ಮೇಲೆ ಅಪ್ಲಿಕೇಶನ್‌ಗಳನ್ನು ಓಡಿಸುವ ಕುಬರ್ನೆಟಿಸ್ ವ್ಯವಸ್ಥೆ ಹೀಗೇ ಮಾಡಿದೆ: ಸೆಲ್ಫ್ ಸಬ್ಜೆಕ್ಟ್ ಆ್ಯಕ್ಸೆಸ್ ರಿವ್ಯೂ ತನ್ನ ಬಗ್ಗೆ ಕೇಳುವುದಕ್ಕೆ, ಸಬ್ಜೆಕ್ಟ್ ಆ್ಯಕ್ಸೆಸ್ ರಿವ್ಯೂ ಬೇರೆಯವರ ಬಗ್ಗೆ ಕೇಳುವುದಕ್ಕೆ. ಎರಡನೆಯದಕ್ಕೆ ವಿಶೇಷ ಹಕ್ಕು ಬೇಕು. ಆ ಹಕ್ಕು ಎಲ್ಲರಿಗೂ ಇದ್ದರೆ ಸಂಸ್ಥೆಯಲ್ಲಿ ಯಾರ ಕೈಯಲ್ಲಿ ಏನಿದೆ ಎಂದು ಯಾರು ಬೇಕಾದರೂ ಕೆದಕಿ ತಿಳಿಯಬಹುದು.

ಪ್ರಶ್ನೆ: ಅನುಮತಿ ಎಪಿಐ ಸರಿಯಾಗಿ 'ಫಾಲ್ಸ್' ಎಂದೇ ಉತ್ತರಿಸುತ್ತಿದೆ, ಲಾಗ್‌ನಲ್ಲಿ ಕಾಣುತ್ತದೆ. ಆದರೂ ನಮ್ಮ ನೋಡ್ (ಜಾವಾಸ್ಕ್ರಿಪ್ಟ್) ಸರ್ವರ್ ಎಲ್ಲರನ್ನೂ ಒಳಗೆ ಬಿಡುತ್ತಿದೆ. ಎಲ್ಲಿ ಹುಡುಕಬೇಕು?

ಉತ್ತರ: ಮೊದಲು, ಪರಿಶೀಲನೆಯ ಫಂಕ್ಷನ್ ಕರೆಯುವಲ್ಲಿ, ಉತ್ತರ ಬರುವವರೆಗೆ ಕಾಯಿಸುವ 'ಅವೇಟ್' ಪದ ಬಿಟ್ಟುಹೋಗಿದೆಯೇ ನೋಡಿ. ಬಿಟ್ಟಿದ್ದರೆ ಷರತ್ತಿನ ಒಳಗೆ ಬರುವುದು ಉತ್ತರವಲ್ಲ, ಉತ್ತರ ಮುಂದೆ ಬರಲಿದೆ ಎಂದು ಸೂಚಿಸುವ ಪ್ರಾಮಿಸ್ ಆಬ್ಜೆಕ್ಟ್. ಜಾವಾಸ್ಕ್ರಿಪ್ಟ್‌ನಲ್ಲಿ ಯಾವುದೇ ಆಬ್ಜೆಕ್ಟ್ ಷರತ್ತಿನಲ್ಲಿ ನಿಜವೆಂದೇ ಎಣಿಕೆ. ಹೀಗಾಗಿ ಎಲ್ಲರಿಗೂ ಅನುಮತಿ.

ಅದು ಸರಿಯಿದ್ದರೆ, ಉತ್ತರದ ಇಡೀ ಆಬ್ಜೆಕ್ಟನ್ನು ಷರತ್ತಿಗೆ ಕೊಟ್ಟಿದ್ದೀರೋ, ಅದರೊಳಗಿನ ಡಿಸಿಷನ್ ಅನ್ನು ಕೊಟ್ಟಿದ್ದೀರೋ ನೋಡಿ. ಮೂರನೆಯದು, ಬೂಲಿಯನ್ ಬದಲು 'ಫಾಲ್ಸ್' ಎಂಬ ಅಕ್ಷರಗಳ ಸ್ಟ್ರಿಂಗ್ ಬರುತ್ತಿದೆಯೇ? ಖಾಲಿಯಲ್ಲದ ಸ್ಟ್ರಿಂಗ್ ಕೂಡ ನಿಜವೆಂದೇ ಎಣಿಕೆ.

ಮೂರಕ್ಕೂ ಮದ್ದು ಒಂದೇ: ಬಂದ ಮೌಲ್ಯ ಬೂಲಿಯನ್ 'ಟ್ರೂ'ಗೆ ಕರಾರುವಾಕ್ಕಾಗಿ ಸಮನಿದ್ದರೆ ಮಾತ್ರ ಮುಂದಕ್ಕೆ ಬಿಡಿ. ಬೇರೆ ಏನೇ ಬಂದರೂ, ಏನೂ ಬರದಿದ್ದರೂ, ನಿರಾಕರಣೆ. ಬರೆದಿಟ್ಟ ಪಾಲಿಸಿ (ಅನುಮತಿಯ ನಿಯಮಗಳು) ನೋಡಿ ನಿರ್ಧಾರ ಹೇಳುವ ಓಪನ್ ಪಾಲಿಸಿ ಏಜೆಂಟ್ ಬಳಸುವವರಿಗಂತೂ ಈ ನಿಯಮ ತಪ್ಪಿಸುವಂತಿಲ್ಲ. ನೀವು ಕೇಳಿದ ನಿಯಮಕ್ಕೆ ಮೌಲ್ಯವೇ ಹುಟ್ಟದಿದ್ದರೆ ಅದರ ಡೇಟಾ ಎಪಿಐ 200 ಜೊತೆಗೆ ರಿಸಲ್ಟ್ ಎಂಬ ಭಾಗವೇ ಇಲ್ಲದ ಉತ್ತರ ಕಳಿಸುತ್ತದೆ. ನಿಯಮದ ಹಾದಿಯಲ್ಲಿ ಒಂದು ಅಕ್ಷರ ತಪ್ಪಿದರೂ ಹೀಗೇ ಆಗುತ್ತದೆ. ಪಾಲಿಸಿಯಲ್ಲಿ ಡೀಫಾಲ್ಟ್ ಮೌಲ್ಯ 'ಫಾಲ್ಸ್' ಎಂದು ಬರೆದಿಡಿ, ಕರೆಯುವ ಕಡೆಯೂ ಇಲ್ಲದ ಉತ್ತರವನ್ನು ನಿರಾಕರಣೆ ಎಂದೇ ಓದಿ.

ಪ್ರಶ್ನೆ: ಅಳಿಸುವ ಹಕ್ಕಿಲ್ಲದವರಿಗೆ 'ಅಳಿಸು' ಬಟನ್ ಕಾಣದಂತೆ ಮಾಡಿದ್ದೇವೆ. ಸರ್ವರ್‌ನಲ್ಲೂ ಮತ್ತೆ ನೋಡಬೇಕೇ?

ಉತ್ತರ: ನೋಡಲೇಬೇಕು. ಬಟನ್ ಮರೆಮಾಡುವುದು ಬಳಕೆದಾರರಿಗೆ ತೋರುವ ಸೌಜನ್ಯ. ರಿಕ್ವೆಸ್ಟ್ ಕಳಿಸಲು ಬಟನ್ ಬೇಕಾಗಿಲ್ಲ. ಪುಟ ತೆರೆದಾಗ ಇದ್ದ ಹಕ್ಕು ಕ್ಲಿಕ್ ಮಾಡುವ ಹೊತ್ತಿಗೆ ಹೋಗಿರಲೂಬಹುದು.

ಪುಟಕ್ಕಾಗಿ ಕೇಳುವ ಎಪಿಐ ಬೇರೆ, ಕಾವಲಿಗಾಗಿ ಕೇಳುವ ಎಪಿಐ ಬೇರೆ ಎಂಬುದನ್ನು ದೊಡ್ಡ ಸೇವೆಗಳು ಸ್ಪಷ್ಟವಾಗಿಯೇ ಹೇಳಿವೆ. ಗೂಗಲ್ ಕ್ಲೌಡ್‌ನ ಟೆಸ್ಟ್ ಐಎಎಂ ಪರ್ಮಿಷನ್ಸ್ ಎಂಬ ಕರೆ, ನೀವು ಕೊಟ್ಟ ಅನುಮತಿಗಳ ಪಟ್ಟಿಯಲ್ಲಿ ಕರೆದವರಿಗೆ ಇರುವವುಗಳನ್ನಷ್ಟೇ ಮರಳಿಸುತ್ತದೆ. ಇದು ಪುಟ ಮತ್ತು ಕಮಾಂಡ್ ಸಲಕರಣೆಗಳಿಗಾಗಿ ಮಾಡಿದ್ದು, ಪ್ರವೇಶ ನಿರ್ಧಾರಕ್ಕಲ್ಲ, ಕೆಲವೊಮ್ಮೆ ಇಲ್ಲದ ಹಕ್ಕನ್ನೂ ಇದೆ ಎನ್ನಬಹುದು ಎಂದು ಅದರ ದಾಖಲೆಯಲ್ಲೇ ಎಚ್ಚರಿಕೆ ಇದೆ. ಕೇಳಿದ ವಸ್ತುವೇ ಇಲ್ಲದಿದ್ದರೆ ದೋಷದ ಬದಲು ಖಾಲಿ ಪಟ್ಟಿ ಬರುತ್ತದೆ ಎಂಬುದೂ ನೆನಪಿರಲಿ. ವಿಕಿಪೀಡಿಯ ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯಲ್ಲಿ ಪುಟದ ಮಾಹಿತಿ ಕೇಳುವಾಗ 'ಇನ್‌ಟೆಸ್ಟ್‌ಆ್ಯಕ್ಷನ್ಸ್' ಎಂಬ ಪ್ಯಾರಾಮೀಟರ್‌ನಲ್ಲಿ ಎಡಿಟ್, ಮೂವ್ ಎಂದು ಕೊಟ್ಟರೆ ಆ ಪುಟದ ಮೇಲೆ ಈಗಿನ ಬಳಕೆದಾರರಿಗೆ ಅವು ಸಾಧ್ಯವೇ ಎಂದು ತಿಳಿಯುತ್ತದೆ. ನಿಜವಾದ ತಿದ್ದುಪಡಿ ಕಳಿಸಿದಾಗ ಮೀಡಿಯಾವಿಕಿ ಮತ್ತೆ ತಾನೇ ಪರೀಕ್ಷಿಸುತ್ತದೆ.

ಪ್ರಶ್ನೆ: ಪಟ್ಟಿಯ ಪುಟದಲ್ಲಿ 200 ಸಾಲುಗಳಿವೆ. ಪ್ರತಿ ಸಾಲಿಗೂ ಅನುಮತಿ ಕೇಳಿದರೆ ಪುಟ ತೆರೆಯಲು ಕೆಲವು ಸೆಕೆಂಡ್ ಹಿಡಿಯುತ್ತದೆ. ಏನು ಮಾಡಬಹುದು?

ಉತ್ತರ: ಒಂದು ಕರೆಗೆ 15 ಮಿಲಿಸೆಕೆಂಡ್ ಎಂದರೂ ಒಂದಾದ ಮೇಲೊಂದು 200 ಕರೆಗೆ 3 ಸೆಕೆಂಡ್. ಮೊದಲ ಪರಿಹಾರ, ಎಲ್ಲ ಪ್ರಶ್ನೆಗಳನ್ನು ಒಂದೇ ರಿಕ್ವೆಸ್ಟ್‌ನಲ್ಲಿ ಕಟ್ಟಿ ಕಳಿಸುವುದು. ಆಥ್‌ಝೆನ್‌ನಲ್ಲಿ ಇದಕ್ಕೆ 'ಇವ್ಯಾಲ್ಯುಯೇಷನ್ಸ್' ಎಂಬ ಬೇರೆ ವಿಳಾಸವಿದೆ. ಉತ್ತರಗಳು ಪ್ರಶ್ನೆಗಳ ಕ್ರಮದಲ್ಲೇ ಬರುತ್ತವೆ. ಮೊದಲ ನಿರಾಕರಣೆಗೇ ನಿಲ್ಲಿಸು ಎಂಬ ಆಯ್ಕೆಯೂ ಅಲ್ಲಿದೆ. ಪಟ್ಟಿಗೆ ಅದನ್ನು ಬಳಸಬೇಡಿ, ನಂತರದ ಸಾಲುಗಳಿಗೆ ಉತ್ತರವೇ ಇರುವುದಿಲ್ಲ. ಸ್ವಂತ ಎಪಿಐ ಬರೆಯುವುದಾದರೆ ಕಟ್ಟಿನ ಗಾತ್ರಕ್ಕೆ ಮಿತಿ ಹಾಕಿ, ಒಂದು ಸಾಲಿನ ಪರಿಶೀಲನೆ ದೋಷದಲ್ಲಿ ಮುಗಿದರೆ ಆ ಸಾಲಿಗಷ್ಟೇ ನಿರಾಕರಣೆ ಕೊಡಿ. ಉತ್ತರಗಳ ಸಂಖ್ಯೆ ಪ್ರಶ್ನೆಗಳ ಸಂಖ್ಯೆಗೆ ಸಮನಾಗಿದೆಯೇ ಎಂದು ಕರೆದ ಕಡೆ ನೋಡಬೇಕು. ಒಂದು ಉತ್ತರ ತಪ್ಪಿದರೂ ಉಳಿದವೆಲ್ಲ ಪಕ್ಕದ ಸಾಲಿಗೆ ಜಾರುತ್ತವೆ.

ಇದು 'ತಿದ್ದು' ಬಟನ್ ತೋರಿಸಬೇಕೇ ಎಂಬಂಥ ವಿಷಯಕ್ಕೆ ಸಾಕು. ಸಾಲನ್ನೇ ತೋರಿಸಬೇಕೇ ಎಂಬುದಕ್ಕೆ ಸಾಲದು. ಡೇಟಾಬೇಸಿನಿಂದ 20 ಸಾಲು ತಂದು ಹಕ್ಕಿಲ್ಲದ್ದನ್ನು ಆಮೇಲೆ ಉದುರಿಸಿದರೆ ಒಂದು ಪುಟದಲ್ಲಿ 20, ಇನ್ನೊಂದರಲ್ಲಿ 3, ಮತ್ತೊಂದು ಖಾಲಿ ಎಂದಾಗುತ್ತದೆ. ಬಳಕೆದಾರರು ಪಟ್ಟಿ ಮುಗಿಯಿತೆಂದು ಅಲ್ಲೇ ನಿಲ್ಲುತ್ತಾರೆ. ಮೇಲುಗಡೆ 'ಒಟ್ಟು 570 ದಾಖಲೆ' ಎಂಬ ಎಣಿಕೆಯನ್ನು ಉದುರಿಸುವ ಮುನ್ನ ಮಾಡಿದ್ದರೆ, ತಮಗೆ ಕಾಣದ ದಾಖಲೆಗಳು ಎಷ್ಟಿವೆ ಎಂಬುದೂ ಸೋರಿಹೋಗುತ್ತದೆ. ಹುಡುಕಾಟದ ಪೆಟ್ಟಿಗೆ ಇದ್ದರಂತೂ ಇನ್ನೂ ಅಪಾಯ: ಒಂದು ಹೆಸರು ಹಾಕಿ ಎಣಿಕೆ ಬದಲಾಗುತ್ತದೆಯೇ ನೋಡಿದರೆ ಸಾಕು, ದಾಖಲೆಯ ಒಳಗೇನಿದೆ ಎಂದು ಊಹಿಸಬಹುದು.

ಆದ್ದರಿಂದ ಪಟ್ಟಿಯ ನಿಯಮ ಡೇಟಾಬೇಸ್ ಕ್ವೆರಿಯ ಒಳಗೇ ಸೇರಬೇಕು. 'ಈ ಸಂಸ್ಥೆಯದ್ದು, ಮತ್ತು ಬರೆದವರು ಇವರೇ ಅಥವಾ ಇವರ ತಂಡಕ್ಕೆ ಹಂಚಿದ್ದು' ಎಂಬಂಥ ನಿಯಮವನ್ನು ವೇರ್ ಷರತ್ತಾಗಿ ಬರೆಯಬಹುದು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಪ್ರತಿ ಸಾಲಿಗೂ ನಿಯಮ ಅನ್ವಯಿಸುವ ರೋ ಲೆವೆಲ್ ಸೆಕ್ಯುರಿಟಿ ಸೌಲಭ್ಯವಿದೆ. ಆದರೆ ಟೇಬಲ್‌ನ ಮಾಲೀಕ ಖಾತೆಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಅಪ್ಲಿಕೇಶನ್ ಅದೇ ಖಾತೆಯಲ್ಲಿ ಸಂಪರ್ಕಿಸುತ್ತಿದ್ದರೆ ನೀವು ಬರೆದ ನಿಯಮ ಸುಮ್ಮನೆ ಕೂತಿರುತ್ತದೆ. ಬೇರೆ ಖಾತೆ ಬಳಸಿ, ಅಥವಾ ಮಾಲೀಕರಿಗೂ ಅನ್ವಯಿಸುವಂತೆ 'ಫೋರ್ಸ್' ಆಯ್ಕೆ ಹಾಕಿ. ಸೂಪರ್‌ಯೂಸರ್ ಖಾತೆಯಾದರೆ ಆ ಆಯ್ಕೆಯೂ ನಾಟುವುದಿಲ್ಲ. ಒಬ್ಬರಿಗೆ ಹಕ್ಕಿರುವ ದಾಖಲೆಗಳು ಕಡಿಮೆ ಇದ್ದಲ್ಲಿ, 'ಇವರು ಓದಬಹುದಾದವು ಯಾವುವು' ಎಂದು ಅನುಮತಿ ಸೇವೆಯನ್ನೇ ಮೊದಲು ಕೇಳಿ ಆ ಐಡಿಗಳನ್ನು ಕ್ವೆರಿಗೆ ಕೊಡುವ ದಾರಿಯೂ ಇದೆ. ಸಾವಿರಗಟ್ಟಲೆ ಐಡಿ ಬಂದರೆ ಅದು ನಡೆಯುವುದಿಲ್ಲ.

ಪ್ರಶ್ನೆ: ವೇಗಕ್ಕಾಗಿ ಅನುಮತಿಯ ಉತ್ತರವನ್ನು 5 ನಿಮಿಷ ಕ್ಯಾಶ್ ಮಾಡುತ್ತೇವೆ. ಟೋಕನ್ ಅವಧಿ 15 ನಿಮಿಷ. ಆದರೂ ಹಕ್ಕು ತೆಗೆದ ಹದಿನೆಂಟು ನಿಮಿಷದ ಮೇಲೂ ಒಬ್ಬರು ಕಡತ ತೆರೆದರು. ಇದು ಹೇಗೆ ಸಾಧ್ಯ?

ಉತ್ತರ: ಅವಧಿಗಳು ಕೂಡುತ್ತವೆ. ಟೋಕನ್ ಸಿಕ್ಕ ಕೂಡಲೇ ಹಕ್ಕು ಹೋಯಿತು ಎನ್ನಿ. ಹದಿನಾಲ್ಕನೇ ನಿಮಿಷದಲ್ಲಿ ಹಳೆಯ ರೋಲ್ ನೋಡಿ ಹುಟ್ಟಿದ 'ಹೌದು' ಎಂಬ ಉತ್ತರ ಕ್ಯಾಶ್‌ಗೆ ಸೇರಿತು. ಹದಿನೈದನೇ ನಿಮಿಷದಲ್ಲಿ ಹೊಸ ಟೋಕನ್ ಬಂದರೂ, ಕ್ಯಾಶ್‌ನ ಕೀಲಿಯಲ್ಲಿ (ಉಳಿಸಿದ ಉತ್ತರವನ್ನು ಹುಡುಕುವ ಗುರುತಿನಲ್ಲಿ) ಬಳಕೆದಾರ ಐಡಿ ಮಾತ್ರ ಇರುವುದರಿಂದ ಹಳೆಯ ಉತ್ತರವೇ ಹತ್ತೊಂಬತ್ತರವರೆಗೆ ನಡೆಯಿತು. ಮಧ್ಯದಲ್ಲಿ ಇನ್ನೊಂದು ಸರ್ವಿಸ್ ತನ್ನದೇ ಕ್ಯಾಶ್ ಇಟ್ಟಿದ್ದರೆ ಅದನ್ನೂ ಕೂಡಿಸಿ. 'ಹಕ್ಕು ತೆಗೆದ ಮೇಲೆ ಗರಿಷ್ಠ ಎಷ್ಟು ಹೊತ್ತು ಸಹಿಸಬಹುದು' ಎಂದು ಮೊದಲು ನಿರ್ಧರಿಸಿ, ಆ ಮೊತ್ತವನ್ನು ಪದರಗಳಿಗೆ ಹಂಚಿ. ಓದುವುದಕ್ಕೆ ಒಂದು ನಿಮಿಷ ಒಪ್ಪಬಹುದು. ಹಣ ವರ್ಗಾವಣೆ, ಅಳಿಸುವಿಕೆ, ಹಕ್ಕು ಹಂಚಿಕೆ ಈ ಮೂರಕ್ಕೂ ಕ್ಯಾಶ್ ಬೇಡವೇ ಬೇಡ.

ಕೀಲಿಯಲ್ಲಿ ಸಂಸ್ಥೆ, ಬಳಕೆದಾರ, ಕೆಲಸ, ವಸ್ತು, ನಿರ್ಧಾರ ಅವಲಂಬಿಸಿದ ಸಂದರ್ಭದ ಮೌಲ್ಯಗಳು, ಪಾಲಿಸಿಯ ಆವೃತ್ತಿ ಎಲ್ಲವೂ ಇರಬೇಕು. ಸಂಸ್ಥೆಯ ಗುರುತು ಬಿಟ್ಟರೆ, ಎರಡು ಸಂಸ್ಥೆಗಳಲ್ಲಿ ಖಾತೆಯಿರುವವರಿಗೆ ಒಂದರ ಹಕ್ಕು ಇನ್ನೊಂದರಲ್ಲಿ ಸಿಗುತ್ತದೆ. ಈ ದೋಷ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಯಾಕೆಂದರೆ ಪರೀಕ್ಷೆಯ ಖಾತೆಗಳು ಸಾಮಾನ್ಯವಾಗಿ ಒಂದೇ ಸಂಸ್ಥೆಯವು. ಟೈಮ್‌ಔಟ್‌ನಿಂದ ಬಂದ ನಿರಾಕರಣೆಯನ್ನು ಕ್ಯಾಶ್‌ಗೆ ಹಾಕಬೇಡಿ. ಕ್ಷಣದ ಅಡಚಣೆ ಐದು ನಿಮಿಷದ ಬಾಗಿಲು ಬಂದ್ ಆಗುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ಸಮಸ್ಯೆ ಇದೆ. ಒಬ್ಬರನ್ನು ಫೋಲ್ಡರ್‌ನಿಂದ ತೆಗೆದು, ತಕ್ಷಣ ಅದರಲ್ಲಿ ಗುಟ್ಟಿನ ಕಡತ ಇಟ್ಟಿರಿ. ಅನುಮತಿ ಸೇವೆಯ ಒಂದು ಪ್ರತಿಗೆ ತೆಗೆದ ಸುದ್ದಿ ಇನ್ನೂ ತಲುಪಿರದಿದ್ದರೆ ಹೊಸ ಕಡತಕ್ಕೆ ಹಳೆಯ ಹಕ್ಕು ಅನ್ವಯವಾಗುತ್ತದೆ. ಗೂಗಲ್ ತನ್ನ ಝಾಂಜಿಬಾರ್ ಎಂಬ ಅನುಮತಿ ವ್ಯವಸ್ಥೆಯ ಬಗ್ಗೆ 2019ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು 'ನ್ಯೂ ಎನಿಮಿ' ಸಮಸ್ಯೆ ಎಂದು ಕರೆದು, ಝೂಕಿ ಎಂಬ ಗುರುತುಚೀಟಿಯಿಂದ ಬಿಡಿಸುತ್ತದೆ. ಕಡತ ಬದಲಾದಾಗ ಅನುಮತಿ ಸೇವೆಯಿಂದ ಚೀಟಿ ಪಡೆದು ಕಡತದ ಜೊತೆಗೇ ಉಳಿಸುತ್ತಾರೆ. ಮುಂದೆ ಅನುಮತಿ ಕೇಳುವಾಗ ಆ ಚೀಟಿ ತೋರಿಸಿದರೆ, ಕನಿಷ್ಠ ಅಷ್ಟು ಹೊಸದಾದ ಮಾಹಿತಿ ನೋಡಿಯೇ ಸೇವೆ ಉತ್ತರಿಸುತ್ತದೆ. ಚಿಕ್ಕ ವ್ಯವಸ್ಥೆಯಲ್ಲಿ ಇಷ್ಟು ಬೇಕಿಲ್ಲ. ಹಕ್ಕು ಬದಲಾದ ಸಮಯವನ್ನು ಅಥವಾ ಆವೃತ್ತಿ ಸಂಖ್ಯೆಯನ್ನು ದಾಖಲೆಯ ಜೊತೆ ಇಟ್ಟು, ಅದಕ್ಕಿಂತ ಹಳೆಯ ಕ್ಯಾಶ್ ಉತ್ತರವನ್ನು ಬಿಸಾಡಿದರೆ ಸಾಕು.

ಪ್ರಶ್ನೆ: ಅನುಮತಿ ಸೇವೆಯೇ ನಿಂತುಹೋದರೆ ಎಲ್ಲರನ್ನೂ ತಡೆಯಬೇಕೇ, ಬಿಡಬೇಕೇ?

ಉತ್ತರ: ತಡೆಯಬೇಕು. ಅನುಮತಿ ಇದೆಯೆಂದು ತೋರಿದಾಗಷ್ಟೇ ಬಿಡುವುದು, ಮಿಕ್ಕೆಲ್ಲ ಸಂದರ್ಭದಲ್ಲಿ ಇಲ್ಲ ಎನ್ನುವುದು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿಟ್ಟ ಸೂತ್ರ. ಅದಕ್ಕೆ ಪರ್ಯಾಯ ಇನ್ನೂ ಬಂದಿಲ್ಲ. ದೋಷ ಹಿಡಿಯುವ ಕ್ಯಾಚ್ ಭಾಗದಲ್ಲಿ 'ಟ್ರೂ' ಮರಳಿಸುವ ಕೋಡ್ ಇದ್ದರೆ, ದಾಳಿ ಮಾಡುವವರಿಗೆ ಸೇವೆಯ ಮೇಲೆ ಒತ್ತಡ ಹಾಕಿ ನಿಧಾನ ಮಾಡಿದರೆ ಸಾಕಾಗುತ್ತದೆ.

ಆದರೆ ಬಳಕೆದಾರರಿಗೆ ಹೇಳುವುದು ಸತ್ಯವಾಗಿರಲಿ. ಆಗ ಕಳಿಸಬೇಕಾದ್ದು 503, ಅಂದರೆ ಸೇವೆ ಸದ್ಯಕ್ಕೆ ಲಭ್ಯವಿಲ್ಲ, ಸ್ವಲ್ಪ ಬಿಟ್ಟು ಪ್ರಯತ್ನಿಸಿ. 403 ಕಳಿಸಿದರೆ ಜನ ತಮ್ಮ ಹಕ್ಕು ಹೋಯಿತೆಂದು ಅಡ್ಮಿನ್‌ಗೆ ಬರೆಯುತ್ತಾರೆ, ಅಡ್ಮಿನ್ ಗಾಬರಿಯಲ್ಲಿ ಬೇಡದ ಹಕ್ಕುಗಳನ್ನೆಲ್ಲ ಕೊಟ್ಟುಬಿಡುತ್ತಾರೆ. ನಿಜವಾದ ಹಾನಿ ಅಲ್ಲಿ ಆಗುತ್ತದೆ.

ಕರೆಗೆ ಟೈಮ್‌ಔಟ್ ಕಡಿಮೆ ಇರಲಿ. ಸಾಮಾನ್ಯವಾಗಿ 10 ಮಿಲಿಸೆಕೆಂಡಿನಲ್ಲಿ ಉತ್ತರಿಸುವ ಸೇವೆಗೆ 30 ಸೆಕೆಂಡ್ ಕಾಯುವುದರಲ್ಲಿ ಅರ್ಥವಿಲ್ಲ, 200 ಮಿಲಿಸೆಕೆಂಡ್ ಧಾರಾಳ. ಒಮ್ಮೆ ಮರುಪ್ರಯತ್ನ ಮಾಡಿ, ಎಲ್ಲ ಸರ್ವರ್‌ಗಳೂ ಒಂದೇ ಕ್ಷಣಕ್ಕೆ ಮರಳಿ ಕೇಳದಂತೆ ಸಣ್ಣ ಯಾದೃಚ್ಛಿಕ ವಿಳಂಬ ಸೇರಿಸಿ. ನಿರ್ಧಾರ ಮಾಡುವ ಎಂಜಿನ್ ಅನ್ನು ಅಪ್ಲಿಕೇಶನ್ ಇರುವ ಯಂತ್ರದಲ್ಲೇ ಓಡಿಸಿದರೆ ನೆಟ್‌ವರ್ಕ್ ತಕರಾರು ಬಹುಪಾಲು ತಪ್ಪುತ್ತದೆ. ಹಾಗೆ ಮಾಡಿದಾಗ, ಪಾಲಿಸಿ ಇನ್ನೂ ಇಳಿದಿರದ ಎಂಜಿನ್‌ಗೆ ರಿಕ್ವೆಸ್ಟ್ ಹೋಗದಂತೆ ನೋಡಿಕೊಳ್ಳಿ. ಓಪನ್ ಪಾಲಿಸಿ ಏಜೆಂಟ್‌ನ ಹೆಲ್ತ್ ವಿಳಾಸಕ್ಕೆ 'ಬಂಡಲ್ಸ್' ಎಂಬ ಪ್ಯಾರಾಮೀಟರ್ ಸೇರಿಸಿ ಕೇಳಿದರೆ, ಪಾಲಿಸಿ ಕಟ್ಟುಗಳು ಇಳಿದು ಚಾಲೂ ಆದ ಮೇಲಷ್ಟೇ ಅದು ಸರಿಯಿದೆ ಎನ್ನುತ್ತದೆ.

ಪ್ರಶ್ನೆ: 401, 403, 404 ಇವುಗಳಲ್ಲಿ ಯಾವಾಗ ಯಾವುದು?

ಉತ್ತರ: ಗುರುತೇ ಇಲ್ಲ ಅಥವಾ ಟೋಕನ್ ಕೆಟ್ಟಿದೆ ಎಂದರೆ 401. ಅದರ ಜೊತೆ ಡಬ್ಲ್ಯುಡಬ್ಲ್ಯುಡಬ್ಲ್ಯು-ಆಥೆಂಟಿಕೇಟ್ ಹೆಡರ್ ಕಡ್ಡಾಯ, 2022ರ ಆರ್‌ಎಫ್‌ಸಿ 9110 ಹಾಗೆಂದು ಹೇಳುತ್ತದೆ, ಬಹಳ ಜನ ಬಿಡುತ್ತಾರೆ. ಗುರುತು ಸರಿಯಿದೆ, ಹಕ್ಕಿಲ್ಲ ಎಂದರೆ 403. ದಾಖಲೆ ಇದೆಯೆಂಬ ಸಂಗತಿಯೇ ಗುಟ್ಟಾಗಿದ್ದರೆ 404 (ಅಂಥದ್ದಿಲ್ಲ) ಕೊಡಲು ಅದೇ ಮಾನದಂಡ ಅವಕಾಶ ಕೊಟ್ಟಿದೆ. ಹಾಗೆ ಮಾಡಿದರೆ ನಿಜವಾಗಿ ಇಲ್ಲದ ದಾಖಲೆಯ 404ಗೂ ಇದಕ್ಕೂ ಒಡಲಿನ ಪಠ್ಯದಲ್ಲಿ, ಹಿಡಿಯುವ ಸಮಯದಲ್ಲಿ ಕಣ್ಣಿಗೆ ಬೀಳುವ ವ್ಯತ್ಯಾಸ ಇರಬಾರದು. ಆದರೆ ಓದುವ ಹಕ್ಕಿದ್ದು ತಿದ್ದುವ ಹಕ್ಕಿಲ್ಲದವರಿಗೆ 403 ಅನ್ನೇ ಕೊಡಿ. ಕಣ್ಣೆದುರಿನ ದಾಖಲೆ ಇಲ್ಲ ಎಂದರೆ ಅವರು ಗೊಂದಲಪಡುತ್ತಾರೆ.

ಪ್ರಶ್ನೆ: ಯಾವ ಸೈಟುಗಳು ಉತ್ತರ ಓದಬಹುದೆಂದು ಬ್ರೌಸರ್‌ಗೆ ಹೇಳುವ ಕಾರ್ಸ್ ಹೆಡರ್‌ನಲ್ಲಿ ನಮ್ಮ ಡೊಮೈನ್ ಮಾತ್ರ ಕೊಟ್ಟಿದ್ದೇವೆ. ಹೆಡರ್ ಹೆಸರಿನಲ್ಲೇ 'ಆ್ಯಕ್ಸೆಸ್ ಕಂಟ್ರೋಲ್' ಇದೆ. ಇಷ್ಟು ಸಾಲದೇ?

ಉತ್ತರ: ಸಾಲದು. ಬೇರೆ ಸೈಟಿನ ಸ್ಕ್ರಿಪ್ಟ್ ನಿಮ್ಮ ಉತ್ತರವನ್ನು ಓದದಂತೆ ಬ್ರೌಸರ್ ತಡೆಯುತ್ತದೆ, ಅಷ್ಟೇ. ಬ್ರೌಸರ್ ಇಲ್ಲದೆ ರಿಕ್ವೆಸ್ಟ್ ಕಳಿಸುವ ಕರ್ಲ್‌ನಂಥ ಸಲಕರಣೆಯಿಂದ ಬಂದ ರಿಕ್ವೆಸ್ಟ್ ಆ ಹೆಡರ್ ಕಡೆ ನೋಡುವುದೇ ಇಲ್ಲ. ಕೆಲವು ಸರಳ ರಿಕ್ವೆಸ್ಟ್‌ಗಳಂತೂ ಬ್ರೌಸರ್‌ನಿಂದಲೂ ಸರ್ವರ್ ತಲುಪಿ ಕೆಲಸ ಮುಗಿಸುತ್ತವೆ, ಉತ್ತರ ಮಾತ್ರ ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ.

ಪ್ರಶ್ನೆ: ಸಾಲಿಡ್ ಪಾಡ್‌ಗಳಲ್ಲಿ (ಬಳಕೆದಾರರು ತಮ್ಮ ಡೇಟಾ ಇಟ್ಟುಕೊಳ್ಳುವ ಆನ್‌ಲೈನ್ ಜಾಗಗಳು) ವೆಬ್ ಆ್ಯಕ್ಸೆಸ್ ಕಂಟ್ರೋಲ್ ಎಂಬ ಅನುಮತಿ ಪದ್ಧತಿ ಬಳಸುತ್ತಿದ್ದೇವೆ. ಬಳಕೆದಾರರ ಹಕ್ಕನ್ನು ಬೇರೆ ಎಪಿಐ ಕರೆಯದೆ ತಿಳಿಯಬಹುದೇ?

ಉತ್ತರ: ತಿಳಿಯಬಹುದು. ಸಂಪನ್ಮೂಲಕ್ಕೆ ಗೆಟ್ ಅಥವಾ ಹೆಡ್ ಕಳಿಸಿದಾಗ ಡಬ್ಲ್ಯುಎಸಿ-ಅಲೌ ಎಂಬ ಹೆಡರ್ ಬರುತ್ತದೆ. ಅದರಲ್ಲಿ 'ಯೂಸರ್' ಎಂಬಲ್ಲಿ ಈಗಿನ ಬಳಕೆದಾರರ ಹಕ್ಕು, 'ಪಬ್ಲಿಕ್' ಎಂಬಲ್ಲಿ ಎಲ್ಲರ ಹಕ್ಕು ಇರುತ್ತದೆ. ಬ್ರೌಸರ್ ಸ್ಕ್ರಿಪ್ಟ್‌ಗೆ ಹೆಡರ್ ಕಾಣದಿದ್ದರೆ, ಸರ್ವರ್ ಅದನ್ನು ಆ್ಯಕ್ಸೆಸ್-ಕಂಟ್ರೋಲ್-ಎಕ್ಸ್‌ಪೋಸ್-ಹೆಡರ್ಸ್ ಪಟ್ಟಿಗೆ ಸೇರಿಸಿಲ್ಲ ಎಂದರ್ಥ.

ರೀಡ್, ಅಪೆಂಡ್, ರೈಟ್, ಕಂಟ್ರೋಲ್ ಎಂಬ ನಾಲ್ಕು ಹಕ್ಕುಗಳಲ್ಲಿ ರೈಟ್ ಇದ್ದರೆ ಅಪೆಂಡ್ ಇದ್ದಂತೆ, ಆದರೆ ರೈಟ್ ಇದ್ದರೆ ಕಂಟ್ರೋಲ್ ಇದ್ದಂತಲ್ಲ. ಜನ ಸಿಕ್ಕಿಕೊಳ್ಳುವುದು ಆನುವಂಶಿಕತೆಯಲ್ಲಿ: ಸಂಪನ್ಮೂಲಕ್ಕೆ ಸ್ವಂತ ಎಸಿಎಲ್ (ಹಕ್ಕುಗಳ ಪಟ್ಟಿ) ಇಲ್ಲದಿದ್ದರೆ ಮೇಲಿನ ಕಂಟೇನರ್‌ಗಳಲ್ಲಿ (ಫೋಲ್ಡರ್‌ಗಳಲ್ಲಿ) ಹತ್ತಿರದ್ದು ಅನ್ವಯಿಸುತ್ತದೆ, ಸ್ವಂತದ್ದು ಬರೆದ ಕೂಡಲೇ ಮೇಲಿನದ್ದು ಪೂರ್ತಿ ಬಿಟ್ಟುಹೋಗುತ್ತದೆ, ಎರಡೂ ಕೂಡುವುದಿಲ್ಲ. ಗೆಳೆಯರಿಗೆ ರೀಡ್ ಕೊಡಲೆಂದು ಹೊಸ ಎಸಿಎಲ್ ಬರೆದು ಅದರಲ್ಲಿ ಮಾಲೀಕರಿಗೆ ಕಂಟ್ರೋಲ್ ಬರೆಯದಿದ್ದರೆ, ಮಾಲೀಕರೇ ಆ ಎಸಿಎಲ್ ತಿದ್ದಲಾಗದೆ ಉಳಿಯಬಹುದು. ಮೊದಲ ಸಾಲು ಮಾಲೀಕರದ್ದೇ ಇರಲಿ.

ಪ್ರಶ್ನೆ: ರೋಲ್, ಗುಣಲಕ್ಷಣ, ಸಂಬಂಧ ಇವುಗಳಲ್ಲಿ ಯಾವ ಮಾದರಿ ಆರಿಸಿಕೊಳ್ಳಬೇಕು?

ಉತ್ತರ: ಮಾದರಿಗಿಂತ ಮೊದಲು ಪ್ರಶ್ನೆಯ ರೂಪ ಸರಿಮಾಡಿಕೊಳ್ಳಿ. ಅಪ್ಲಿಕೇಶನ್ ಕೋಡ್ 'ಇವರು ಮ್ಯಾನೇಜರ್ರೇ?' ಎಂದು ಎಲ್ಲೂ ಕೇಳಬಾರದು. 'ಇವರು ಈ ಬಿಲ್ಲನ್ನು ಮಂಜೂರು ಮಾಡಬಹುದೇ?' ಎಂದೇ ಕೇಳಬೇಕು. ಆಗ ಉತ್ತರ ಯಾವ ಮಾದರಿಯಿಂದ ಬಂದರೂ ಕೋಡ್ ಬದಲಾಗುವುದಿಲ್ಲ.

1992ರಲ್ಲಿ ಫೆರಾಯೊಲೊ ಮತ್ತು ಕುನ್ ಮಂಡಿಸಿದ ರೋಲ್ ಆಧಾರಿತ ಮಾದರಿ ಹುದ್ದೆಗಳು ಸ್ಥಿರವಾಗಿರುವಲ್ಲಿ ಇಂದಿಗೂ ಚೆನ್ನಾಗಿ ನಡೆಯುತ್ತದೆ. 'ಉತ್ತರ ವಿಭಾಗದ ರಜೆ ಮಂಜೂರು ಮಾಡುವ ಸಹಾಯಕ' ಎಂಬಂಥ ರೋಲ್‌ಗಳು ಹುಟ್ಟತೊಡಗಿದರೆ ಮಾದರಿ ಸಾಲುತ್ತಿಲ್ಲ ಎಂದು ತಿಳಿಯಿರಿ. ಮೊತ್ತ, ಸಮಯ, ವಿಭಾಗ ಇಂಥ ಷರತ್ತುಗಳಿಗೆ ಗುಣಲಕ್ಷಣ ಆಧಾರಿತ ಮಾದರಿ ಒಗ್ಗುತ್ತದೆ. ಫೋಲ್ಡರ್ ಒಳಗಿನ ಫೋಲ್ಡರ್, ಗುಂಪಿನೊಳಗಿನ ಗುಂಪು, ಒಬ್ಬರು ಇನ್ನೊಬ್ಬರಿಗೆ ಹಂಚಿದ್ದು ಇವಕ್ಕೆ ಝಾಂಜಿಬಾರ್ ಬಗೆಯ ಸಂಬಂಧದ ಮಾದರಿ. ಹೆಚ್ಚಿನ ವ್ಯವಸ್ಥೆಗಳಿಗೆ ಕೊನೆಗೆ ಎರಡು ಸೇರಿಯೇ ಬೇಕಾಗುತ್ತವೆ.

ಪ್ರಶ್ನೆ: ವರದಿ ತಯಾರಿಸುವ ನಮ್ಮ ಸರ್ವಿಸ್‌ಗೆ ಎಲ್ಲ ಡೇಟಾ ಓದುವ ಹಕ್ಕಿದೆ. ಬಳಕೆದಾರರು ಅದರ ಮೂಲಕ ವರದಿ ಕೇಳುತ್ತಾರೆ. ಅನುಮತಿಯನ್ನು ಯಾರ ಹೆಸರಿನಲ್ಲಿ ಕೇಳಬೇಕು?

ಉತ್ತರ: ಬಳಕೆದಾರರ ಹೆಸರಿನಲ್ಲಿ, ಸರ್ವಿಸ್‌ನ ಗುರುತನ್ನೂ ಜೊತೆಗಿಟ್ಟು. ಸರ್ವಿಸ್‌ನ ಹಕ್ಕಿನಲ್ಲೇ ಕೇಳಿದರೆ ಯಾವ ಬಳಕೆದಾರರು ಏನೇ ಕೇಳಿದರೂ ಉತ್ತರ 'ಹೌದು'. ಹೆಚ್ಚಿನ ಅಧಿಕಾರದ ಪ್ರೋಗ್ರಾಂ ಕಡಿಮೆ ಅಧಿಕಾರದವರ ಕೈಯಲ್ಲಿ ಹೀಗೆ ಬಳಕೆಯಾಗುವುದನ್ನು ನಾರ್ಮ್ ಹಾರ್ಡಿ 1988ರಲ್ಲಿ 'ಕನ್‌ಫ್ಯೂಸ್ಡ್ ಡೆಪ್ಯುಟಿ' ಎಂದು ಹೆಸರಿಸಿ ವಿವರಿಸಿದರು. ಟೋಕನ್ ವಿನಿಮಯದ ಮಾನದಂಡದಲ್ಲಿ (2020ರ ಆರ್‌ಎಫ್‌ಸಿ 8693) ಇದಕ್ಕೊಂದು ದಾರಿಯಿದೆ. ಹೊಸ ಟೋಕನ್‌ನ 'ಸಬ್' ಭಾಗದಲ್ಲಿ ಬಳಕೆದಾರರು, 'ಆ್ಯಕ್ಟ್' ಭಾಗದಲ್ಲಿ ಅವರ ಪರವಾಗಿ ಕೆಲಸ ಮಾಡುವ ಸರ್ವಿಸ್. ಇಬ್ಬರಿಗೂ ಹಕ್ಕಿದ್ದರೆ ಮಾತ್ರ ಬಿಡಿ.

ವರದಿ ಸರದಿಯಲ್ಲಿ ನಿಂತು ರಾತ್ರಿ ತಯಾರಾಗುವುದಾದರೆ, ಸರದಿಗೆ ಸೇರಿಸುವಾಗ ಒಮ್ಮೆ, ಓಡಿಸುವಾಗ ಇನ್ನೊಮ್ಮೆ, ಸಿದ್ಧವಾದ ಕಡತವನ್ನು ಇಳಿಸಿಕೊಳ್ಳುವಾಗ ಮತ್ತೊಮ್ಮೆ ಕೇಳಿ. ಮೂರನೆಯದನ್ನು ಮರೆಯುವವರು ಬಹಳ. ಸಿದ್ಧ ಕಡತದ ಲಿಂಕ್ ವರ್ಷಗಟ್ಟಲೆ ತೆರೆದೇ ಇರುತ್ತದೆ.

ಪ್ರಶ್ನೆ: ಎಲ್ಲ ವಿಳಾಸಗಳಲ್ಲೂ ಪರಿಶೀಲನೆ ಇದೆ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಲಾಗ್‌ನಲ್ಲಿ ಏನಿರಬೇಕು?

ಉತ್ತರ: ರೂಟರ್‌ನಿಂದ ಎಲ್ಲ ವಿಳಾಸಗಳ ಪಟ್ಟಿಯನ್ನು ಪ್ರೋಗ್ರಾಂ ಮೂಲಕವೇ ತೆಗೆಯಿರಿ, ಕೈಯಲ್ಲಿ ಬರೆದ ಪಟ್ಟಿಗೆ ಹೊಸದು ಸೇರುವುದಿಲ್ಲ. ಪ್ರತಿ ವಿಳಾಸಕ್ಕೂ ಮೂರು ಸಲ ರಿಕ್ವೆಸ್ಟ್ ಕಳಿಸುವ ಪರೀಕ್ಷೆ ಬರೆಯಿರಿ. ಟೋಕನ್ ಇಲ್ಲದೆ ಕಳಿಸಿದರೆ 401 ಬರಬೇಕು. ಬೇರೆ ಸಂಸ್ಥೆಯ ಬಳಕೆದಾರರ ಸರಿಯಾದ ಟೋಕನ್‌ನಿಂದ ಕಳಿಸಿದರೆ 403 ಅಥವಾ 404. ಅದೇ ಸಂಸ್ಥೆಯ ಅತಿ ಕಡಿಮೆ ಹಕ್ಕಿನವರಿಂದ ಕಳಿಸಿದರೆ ನೀವು ಕೋಷ್ಟಕದಲ್ಲಿ ಬರೆದಿಟ್ಟ ಉತ್ತರ. ಸಾರ್ವಜನಿಕ ವಿಳಾಸಗಳನ್ನು ಹೆಸರಿಸಿ ಹೊರಗಿಡಿ. ಕೋಷ್ಟಕದಲ್ಲಿ ಇಲ್ಲದ ಹೊಸ ವಿಳಾಸ ಬಂದ ಕೂಡಲೇ ಪರೀಕ್ಷೆ ವಿಫಲವಾಗಬೇಕು. ಇಡೀ ಏರ್ಪಾಡಿನ ಬೆಲೆ ಇರುವುದೇ ಅಲ್ಲಿ. ಕಡತ ಇಳಿಸುವ ವಿಳಾಸ, ರಫ್ತು, ವೆಬ್‌ಸಾಕೆಟ್ ಇವನ್ನು ಬಿಡಬೇಡಿ. ಗ್ರಾಫ್‌ಕ್ಯುಎಲ್ ಎಂಬ ಕ್ವೆರಿ ಭಾಷೆಯ ಎಪಿಐ ಇದ್ದರೆ ವಿಳಾಸ ಒಂದೇ ಆದ್ದರಿಂದ ಫೀಲ್ಡ್‌ಗಳ ಪಟ್ಟಿ ತೆಗೆಯಬೇಕು.

ಲಾಗ್‌ನಲ್ಲಿ ಪ್ರತಿ ನಿರ್ಧಾರಕ್ಕೂ ಒಂದು ಐಡಿ, ಯಾರು, ಏನು, ಯಾವುದರ ಮೇಲೆ, ಉತ್ತರ, ಯಾವ ನಿಯಮದಿಂದ, ಪಾಲಿಸಿಯ ಆವೃತ್ತಿ, ಕ್ಯಾಶ್‌ನಿಂದ ಬಂತೇ ಇಲ್ಲವೇ, ಎಷ್ಟು ಹೊತ್ತು ಹಿಡಿಯಿತು ಇವಿಷ್ಟು ಇರಲಿ. ಟೋಕನ್ ಬರೆಯಬೇಡಿ. ನಿರಾಕರಣೆಯ ಕಾರಣವನ್ನು ಲಾಗ್‌ನಲ್ಲಿ ಪೂರ್ತಿ ಬರೆದು, ಬಳಕೆದಾರರಿಗೆ ನಿರ್ಧಾರದ ಐಡಿಯನ್ನಷ್ಟೇ ತೋರಿಸಿ. ಅವರು ಆ ಐಡಿ ಹೇಳಿದರೆ ಅಡ್ಮಿನ್‌ಗೆ ಕಾರಣ ಒಂದೇ ಹುಡುಕಾಟದಲ್ಲಿ ಸಿಗುತ್ತದೆ. 'ಹೌದು' ಎಂಬ ಉತ್ತರಗಳನ್ನೂ ದಾಖಲಿಸಬೇಕು. ಬರೀ ನಿರಾಕರಣೆ ಬರೆದಿಟ್ಟರೆ, ಡೇಟಾ ಸೋರಿದ ದಿನ ಯಾರು ಒಳಗೆ ಬಂದಿದ್ದರು ಎಂದು ತಿಳಿಯಲು ಲಾಗ್‌ನಲ್ಲಿ ಏನೂ ಇರುವುದಿಲ್ಲ.